ಇಬ್ಬರು ಗೆಳತಿಯರು ಸೇರಿ ಬರೆಯುವ ಹೋಟೆಲ್ ವಿಮರ್ಶೆ: ಅಂಕ ಒಂದಿರಬೇಕೇ, ಎರಡಿರಬೇಕೇ?

ಮಲಪ್ರಭಾ
ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು, ನನ್ನ ಗೆಳತಿ ಕುಂದಾಪುರದ ಕಡೆಯವಳು. ಇಬ್ಬರೂ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದೇವೆ. ರಜೆಯ ದಿನಗಳಲ್ಲಿ ಒಟ್ಟಿಗೆ ಹೋಟೆಲಿಗೆ ಹೋಗಿ, ತಿಂದುದರ ಬಗ್ಗೆ ಇಬ್ಬರೂ ಸೇರಿ ಬರೆಯುತ್ತೇವೆ. ನಮ್ಮ ಬಡಾವಣೆಯ ಕನ್ನಡ ಸಂಘದ ಮಾಸಪತ್ರಿಕೆ ಅದನ್ನು ಪ್ರಕಟಿಸುತ್ತದೆ. ಓದುಗರು ಮೆಚ್ಚಿಕೊಂಡಿದ್ದಾರೆ, ಆದರೆ ಒಂದು ತೊಡಕು ಎದುರಾಗಿದೆ.

ಸಂಪಾದಕರಿಗೆ ಪ್ರತಿ ಹೋಟೆಲಿಗೂ ಐದಕ್ಕೆ ಇಷ್ಟು ಎಂದು ಒಂದೇ ಅಂಕ ಬೇಕು. ಕಳೆದ ಸಂಚಿಕೆಗಾಗಿ ನಾವು ಉಡುಪಿ ಶೈಲಿಯ ಒಂದು ಹೋಟೆಲಿಗೆ ಹೋಗಿದ್ದೆವು (ಹೆಸರು ಇಲ್ಲಿ ಬೇಡ). ಅಲ್ಲಿನ ಸಾಂಬಾರಿನಲ್ಲಿ ಬೆಲ್ಲ ಮುಂದಾಗಿ ಖಾರ ಹಿಂದಾಗಿತ್ತು, ಆದ್ದರಿಂದ ನಾನು 2 ಅಂಕ ಕೊಟ್ಟೆ. ಅದೇ ಸಾಂಬಾರಿನಲ್ಲಿ ಕೊತ್ತಂಬರಿ ಬೀಜ ಮತ್ತು ತೆಂಗಿನಕಾಯಿಯನ್ನು ಹದವಾಗಿ ಹುರಿದು ಅರೆದಿದ್ದಾರೆ, ತನ್ನ ಮನೆಯ ಹುಳಿಯಷ್ಟೇ ಚೆನ್ನಾಗಿದೆ ಎಂದು ಅವಳು 4 ಕೊಟ್ಟಳು. ಪತ್ರಿಕೆಯಲ್ಲಿ ಅಚ್ಚಾದದ್ದು 3. ಆ ಮೂರನ್ನು ಕೊಟ್ಟವರು ಯಾರು ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಇಬ್ಬರು ಸೇರಿ ವಿಮರ್ಶೆ ಬರೆಯುವಾಗ ಅಭಿಪ್ರಾಯಭೇದವನ್ನು ಹೇಗೆ ದಾಖಲಿಸಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.

ಬಸವನಗುಡಿ ನಿವಾಸಿ
ಸಂಪಾದಕರ ಬೇಡಿಕೆಯಲ್ಲಿ ತಪ್ಪೇನೂ ಕಾಣುವುದಿಲ್ಲ. ಭಾನುವಾರ ಬೆಳಿಗ್ಗೆ ಮನೆಮಂದಿಯನ್ನೆಲ್ಲ ಹೊರಡಿಸುವವನಿಗೆ ಆ ಹೋಟೆಲಿಗೆ ಹೋಗಬಹುದೇ ಎಂಬುದಷ್ಟೇ ತಿಳಿಯಬೇಕಾಗಿರುತ್ತದೆ. ಇಬ್ಬರ ಅಂಕಗಳ ಸರಾಸರಿ ಒಬ್ಬರ ಅಂಕಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹವಲ್ಲವೇ? ಒಬ್ಬರ ವೈಯಕ್ತಿಕ ಒಲವು ಅದರಲ್ಲಿ ತಕ್ಕಮಟ್ಟಿಗೆ ಕರಗಿಹೋಗುತ್ತದೆ.

ಲೆಕ್ಕಿಗ
ಬಸವನಗುಡಿಯವರೇ, ನಾನು ಒಪ್ಪುವುದಿಲ್ಲ. ಅಕ್ಕಿಯ ಮೂಟೆಯನ್ನು ಎರಡು ಬಾರಿ ತೂಗಿದಾಗ ಬಂದ ಎರಡು ಅಂಕಿಗಳ ಸರಾಸರಿ ತೆಗೆದರೆ ನಿಜವಾದ ತೂಕಕ್ಕೆ ಹತ್ತಿರ ಬರುತ್ತೇವೆ, ಏಕೆಂದರೆ ಮೂಟೆಗೆ ಇರುವುದು ಒಂದೇ ತೂಕ. ಸಾಂಬಾರಿನ ಸಿಹಿ ಎಷ್ಟಿರಬೇಕು ಎಂಬುದಕ್ಕೆ ಹಾಗೆ ಒಂದೇ ಉತ್ತರವಿಲ್ಲ. ಮಲಪ್ರಭಾ ಅವರ 2 ಎಂದರೆ ‘ನನ್ನಂತಹ ನಾಲಿಗೆಯವರಿಗೆ ಇದು ಹಿಡಿಸುವುದಿಲ್ಲ’, ಅವರ ಗೆಳತಿಯ 4 ಎಂದರೆ ‘ಕರಾವಳಿಯ ರುಚಿ ಬಲ್ಲವರಿಗೆ ಇದು ಬಹಳ ಹಿಡಿಸುತ್ತದೆ’. ಎರಡೂ ಉಪಯುಕ್ತ ಮಾಹಿತಿ. ಅಚ್ಚಾದ 3 ಮಾತ್ರ ‘ಇದು ಸಾಧಾರಣ ಹೋಟೆಲು’ ಎನ್ನುತ್ತದೆ, ಆ ಮಾತನ್ನು ಇಬ್ಬರಲ್ಲಿ ಒಬ್ಬರೂ ಹೇಳಿಲ್ಲ.

ತುಂಗಾತೀರ
ಲೆಕ್ಕಿಗ ಅವರ ಮಾತಿಗೆ ನನ್ನ ಸಂಪೂರ್ಣ ಸಹಮತವಿದೆ.

ಕಾವಲಿ
ನಾನು ಹೋಟೆಲಿನ ಅಡುಗೆಮನೆಯಲ್ಲಿ ದುಡಿದವನು. ಅಂಕ ಒಂದೋ ಎರಡೋ ಎಂಬುದಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಆ ಹೋಟೆಲಿಗೆ ನೀವು ಹೋದದ್ದು ಯಾವ ಹೊತ್ತಿನಲ್ಲಿ?

ಒಂದೇ ಹಿಟ್ಟಿನಿಂದ ಬೆಳಿಗ್ಗೆ ಏಳಕ್ಕೆ ಹುಯ್ದ ದೋಸೆ ಬೇರೆ, ಹನ್ನೊಂದಕ್ಕೆ ಹುಯ್ದ ದೋಸೆ ಬೇರೆ. ಹಿಂದಿನ ದಿನ ಅರೆದಿಟ್ಟ ಹಿಟ್ಟು ಬೆಳಗಿನ ವೇಳೆಗೆ ಹದಕ್ಕೆ ಬಂದಿರುತ್ತದೆ, ಆದರೆ ಕಾವಲಿ ಇನ್ನೂ ಸರಿಯಾಗಿ ಪಳಗಿರುವುದಿಲ್ಲ. ಒಂಬತ್ತರ ಸುಮಾರಿಗೆ ಕಾವಲಿಯೂ ಹಿಟ್ಟೂ ಒಂದಕ್ಕೊಂದು ಹೊಂದಿಕೊಂಡು ದೋಸೆ ಒಂದೇ ಸಮನೆ ಕೆಂಪಾಗಿ ಏಳುತ್ತದೆ. ಹನ್ನೊಂದರ ಹೊತ್ತಿಗೆ ಹುಳಿ ಏರುತ್ತಾ ಹೋಗುತ್ತದೆ. ಬೇಸಿಗೆಯಾದರೆ ಇನ್ನೂ ಬೇಗ. ಡಿಸೆಂಬರಿನ ಚಳಿಯಲ್ಲಿ ಹಿಟ್ಟು ಹುಳಿಯುವುದೇ ನಿಧಾನವಾದ್ದರಿಂದ ಕೆಲವರು ಮೆಂತ್ಯವನ್ನು ತುಸು ಹೆಚ್ಚಿಸುತ್ತಾರೆ, ಕೆಲವರು ಹಿಟ್ಟಿನ ಪಾತ್ರೆಯನ್ನು ಒಲೆಯ ಬದಿಗೆ ಸರಿಸುತ್ತಾರೆ. ಭಾನುವಾರ ಜನ ಮುಗಿಬಿದ್ದಾಗ ಹೊಸ ಹಿಟ್ಟನ್ನು ಹಳೆಯದಕ್ಕೆ ಬೆರೆಸುವುದೂ ಉಂಟು. ಕಾವಲಿಯ ಮೇಲೆ ನೀರು ಚಿಮುಕಿಸಿ ಬಿಸಿ ಇಳಿಸುವ ಕೆಲಸವನ್ನು ಅವಸರದಲ್ಲಿ ಸರಿಯಾಗಿ ಮಾಡದಿದ್ದರೆ ಮುಂದಿನ ಸಾಲಿನ ದೋಸೆಗಳೆಲ್ಲ ನಡುವೆ ಸೀದು ಅಂಚಿನಲ್ಲಿ ಬಿಳಿಚಿಕೊಳ್ಳುತ್ತವೆ.

ಇಷ್ಟೆಲ್ಲ ಬದಲಾಗುವಾಗ ಒಂದು ಬಾರಿ ತಿಂದು ಅಂಕ ಕೊಡುವುದು ಅಡುಗೆಯವನಿಗೆ ಅನ್ಯಾಯ. ಒಂದು ಹೋಟೆಲಿನ ಬಗ್ಗೆ ಬರೆಯುವ ಮೊದಲು ಕನಿಷ್ಠ ಎರಡು ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಬನ್ನಿ. ನೀವು ಇಬ್ಬರಿದ್ದೀರಿ, ಒಬ್ಬರು ಬೆಳಿಗ್ಗೆ, ಇನ್ನೊಬ್ಬರು ಸಂಜೆ ಹೋದರೂ ಆದೀತು.

ಮಲಪ್ರಭಾ
ಕಾವಲಿ ಅವರೇ, ಈ ವಿವರಗಳಿಗೆ ಧನ್ಯವಾದಗಳು. ನಾವು ಹೋದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಆದರೆ ಬೇರೆ ಬೇರೆ ಹೊತ್ತಿನಲ್ಲಿ ಒಬ್ಬೊಬ್ಬರೇ ಹೋದರೆ ಒಟ್ಟಿಗೆ ಕುಳಿತು ತಿನ್ನುವುದರ ಲಾಭವೇ ಇಲ್ಲವಾಗುತ್ತದೆ. ಒಂದೇ ಪಾತ್ರೆಯಿಂದ ಬಡಿಸಿದ ಒಂದೇ ಸಾಂಬಾರಿಗೆ ಇಬ್ಬರು ಎರಡು ರೀತಿ ಸ್ಪಂದಿಸಿದಾಗ, ವ್ಯತ್ಯಾಸವಿರುವುದು ಸಾಂಬಾರಿನಲ್ಲಲ್ಲ, ನಮ್ಮ ನಿರೀಕ್ಷೆಯಲ್ಲಿ ಎಂಬುದು ಖಚಿತವಾಗುತ್ತದೆ. ಬೇರೆ ದಿನ ಹೋದರೆ ಆ ಖಚಿತತೆ ಉಳಿಯುವುದಿಲ್ಲ.

ಕಾವಲಿ
ಹಾಗಾದರೆ ಇಬ್ಬರೂ ಒಟ್ಟಿಗೆ ಎರಡು ಬಾರಿ ಹೋಗಿ. ಬರೆಯುವವರಿಗೆ ಅಷ್ಟು ತಾಳ್ಮೆ ಇರಬೇಕು.

ವಾಚಕ
ವಿದೇಶದ ಪತ್ರಿಕೆಗಳಲ್ಲಿ ಇದಕ್ಕೆ ಬಹಳ ಹಿಂದೆಯೇ ಒಂದು ಪದ್ಧತಿ ರೂಪುಗೊಂಡಿತು. 1957ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಆಹಾರ ವಿಭಾಗದ ಸಂಪಾದಕರಾದ ಕ್ರೇಗ್ ಕ್ಲೈಬೋರ್ನ್ ಅವರು ಆಮೇಲಿನ ವರ್ಷಗಳಲ್ಲಿ ಒಂದು ಹೋಟೆಲಿಗೆ ಹಲವು ಬಾರಿ ಹೋಗಿ, ಪತ್ರಿಕೆಯ ಖರ್ಚಿನಲ್ಲೇ ಉಂಡು, ಆನಂತರವೇ ಬರೆಯುವ ಶಿಸ್ತನ್ನು ತಂದರು. ಜೊತೆಗೆ ಸ್ನೇಹಿತರನ್ನೂ ಕರೆದೊಯ್ಯುತ್ತಿದ್ದರು, ಏಕೆಂದರೆ ಒಬ್ಬರೇ ಹೋದರೆ ಒಂದೆರಡು ತಿನಿಸುಗಳನ್ನಷ್ಟೇ ರುಚಿ ನೋಡಲು ಸಾಧ್ಯ. ಆದರೆ ತೀರ್ಪು ವಿಮರ್ಶಕರೊಬ್ಬರದೇ. ಹೋಟೆಲುಗಳಿಗೆ ನಕ್ಷತ್ರ ಕೊಡುವ ಫ್ರಾನ್ಸಿನ ಮಿಶಲಾನ್ ಕೈಪಿಡಿಯ ಪರೀಕ್ಷಕರಂತೂ ತಮ್ಮ ಗುರುತನ್ನೇ ಬಿಟ್ಟುಕೊಡುವುದಿಲ್ಲ. ನನ್ನ ಸಲಹೆ ಇಷ್ಟೇ: ಒಬ್ಬರು ಬರೆಯಿರಿ, ಇನ್ನೊಬ್ಬರು ಜೊತೆಗಾರರಾಗಿರಿ. ಮುಂದಿನ ತಿಂಗಳು ಸ್ಥಾನ ಬದಲಿಸಿಕೊಳ್ಳಿ. ಅಂಕದ ಸಮಸ್ಯೆ ತಾನಾಗಿ ಬಗೆಹರಿಯುತ್ತದೆ.

ಸೌಪರ್ಣಿಕಾ
ಮಲಪ್ರಭಾ ಪ್ರಸ್ತಾಪಿಸಿದ ಗೆಳತಿ ನಾನೇ. ವಾಚಕ ಅವರ ಸಲಹೆಯನ್ನು ಗೌರವದಿಂದಲೇ ನಿರಾಕರಿಸುತ್ತೇನೆ. ಜೊತೆಗಾರಳ ಮಾತು ತಟ್ಟೆಯ ಮುಂದೆಯೇ ಮುಗಿದುಹೋಗಬೇಕು ಎಂದಾದರೆ ನಮ್ಮ ಬರಹದಲ್ಲಿ ವಿಶೇಷವೇನೂ ಉಳಿಯುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಇವಳು ನನ್ನನ್ನು ಹುಬ್ಬಳ್ಳಿ ಶೈಲಿಯ ಖಾನಾವಳಿಗೆ ಕರೆದೊಯ್ದಿದ್ದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಕೆನೆಮೊಸರು, ಹಸಿ ಈರುಳ್ಳಿ ಬಂದವು. ಇವಳಿಗೆ ಅದು ಮನೆಯ ಊಟ, ಆದ್ದರಿಂದ ಇವಳ ಕಣ್ಣು ಹೋದದ್ದು ಸೂಕ್ಷ್ಮಗಳ ಕಡೆಗೆ: ರೊಟ್ಟಿಯನ್ನು ಕೈಯಲ್ಲಿ ಬಡಿದಿದ್ದಾರೋ ಇಲ್ಲವೋ, ಬಿಸಿ ರೊಟ್ಟಿ ಮುರಿದಾಗ ಪದರ ಬಿಡುತ್ತದೆಯೋ ಇಲ್ಲವೋ, ಎಣ್ಣೆಗಾಯಿಯ ಮಸಾಲೆಯಲ್ಲಿ ಶೇಂಗಾ ಸಾಕಷ್ಟಿದೆಯೋ ಇಲ್ಲವೋ. ನಾನು ನೋಡಿದ್ದು ಬೇರೆಯದನ್ನು. ಮೊದಲ ಸಲ ಹೋದವಳಿಗೆ ಯಾವುದರ ಜೊತೆ ಯಾವುದನ್ನು ತಿನ್ನಬೇಕೆಂದು ಬಡಿಸುವವರು ಹೇಳಿಕೊಡುತ್ತಾರೆಯೇ, ಖಾರ ಹೆಚ್ಚೆನಿಸಿದಾಗ ಕೇಳದೆಯೇ ಮೊಸರು ತಂದಿಡುತ್ತಾರೆಯೇ ಎಂದು ಗಮನಿಸಿದೆ. ಅಲ್ಲಿ ತಂದಿಟ್ಟರು, ಅದನ್ನು ಬರೆದೆ. ಉತ್ತರ ಕರ್ನಾಟಕದ ಊಟದ ಪರಿಚಯವಿಲ್ಲದ ಓದುಗರಿಗೆ ನನ್ನ ಭಾಗ ನೆರವಾಯಿತು, ಪರಿಚಯವಿದ್ದವರಿಗೆ ಇವಳ ಭಾಗ ನೆರವಾಯಿತು. ಒಬ್ಬಳೇ ಬರೆದಿದ್ದರೆ ಓದುಗರಲ್ಲಿ ಅರ್ಧದಷ್ಟು ಜನರನ್ನು ಕಳೆದುಕೊಳ್ಳುತ್ತಿದ್ದೆವು.

ವಾಚಕ
ಸೌಪರ್ಣಿಕಾ ಅವರ ಖಾನಾವಳಿಯ ಉದಾಹರಣೆ ಬಲವಾಗಿದೆ. ಆದರೂ ಇಬ್ಬರು ಬರೆದ ಬರಹ ಉದ್ದವಾಗುತ್ತದೆ. ಮಾಸಪತ್ರಿಕೆಯಲ್ಲಿ ಅಷ್ಟು ಜಾಗ ಎಲ್ಲಿದೆ?

ಮಲಪ್ರಭಾ
ಒಳಾಂಗಣದ ಬಣ್ಣ, ದೀಪ, ಕುರ್ಚಿಗಳ ವರ್ಣನೆಯನ್ನು ಬಿಟ್ಟರೆ ಬೇಕಾದಷ್ಟು ಜಾಗ ಸಿಗುತ್ತದೆ.

ನಜರಬಾದ್
ಮೈಸೂರಿನಿಂದ ಬರೆಯುತ್ತಿದ್ದೇನೆ. ಇಬ್ಬರು ಒಟ್ಟಿಗೆ ಹೋದಾಗ ಒಂದು ತಟ್ಟೆ ತರಿಸಿ ಹಂಚಿಕೊಳ್ಳುವ ಅಭ್ಯಾಸದ ಬಗ್ಗೆ ಯಾರೂ ಮಾತಾಡಿಲ್ಲ. ವಿಮರ್ಶೆ ಬರೆಯುವವರು ದೋಸೆಯನ್ನು ಹಂಚಿಕೊಳ್ಳಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ನಜರಬಾದಿನ ಮೈಲಾರಿ ದೋಸೆಯನ್ನೇ ತೆಗೆದುಕೊಳ್ಳಿ. ಅದು ಚಿಕ್ಕದು, ಹತ್ತಿಯಂತೆ ಮೆತ್ತಗಿನದು, ಮೇಲೆ ಬೆಣ್ಣೆ, ಒಳಗೆ ಸಾಗು. ಕಾವಲಿಯಿಂದ ಇಳಿದ ಕ್ಷಣದಿಂದ ಬೆಣ್ಣೆ ಪೂರ್ತಿ ಕರಗುವವರೆಗಿನ ಅವಧಿಯಲ್ಲೇ ಅದರ ರುಚಿ ಇರುವುದು. ಅದನ್ನು ನಡುವೆ ಹರಿದು ಹಂಚಿಕೊಂಡರೆ ಒಬ್ಬರಿಗೆ ಸಾಗು, ಇನ್ನೊಬ್ಬರಿಗೆ ಅಂಚು. ಆಮೇಲೆ ಇಬ್ಬರ ಅಭಿಪ್ರಾಯ ಬೇರೆಯಾಯಿತು ಎಂದರೆ ಅದು ನಾಲಿಗೆಯ ವ್ಯತ್ಯಾಸವೋ ಪಾಲಿನ ವ್ಯತ್ಯಾಸವೋ ಹೇಳಲು ಬರುವುದಿಲ್ಲ. ಗಾಂಧಿಬಜಾರಿನ ವಿದ್ಯಾರ್ಥಿ ಭವನದ ಮಸಾಲೆ ದೋಸೆಗೂ ಇದೇ ಮಾತು ಅನ್ವಯಿಸುತ್ತದೆ. ನಡುಭಾಗ ದಪ್ಪ ಮತ್ತು ಮೃದು, ಹೊರಮೈ ಗರಿಗರಿ. ಎರಡೂ ಒಂದೇ ತುತ್ತಿನಲ್ಲಿ ಬಂದಾಗಲೇ ಅದರ ಹದ ತಿಳಿಯುತ್ತದೆ. ಕಾಫಿಯ ವಿಷಯದಲ್ಲೂ ಅಷ್ಟೆ. ಹರಟೆಗೆ ಬೈ ಟೂ ಸಾಕು, ಆದರೆ ಅರ್ಧ ಲೋಟದ ಕಾಫಿ ಬೇಗ ಆರುತ್ತದೆ, ಆರಿದ ಕಾಫಿಯ ಮೇಲೆ ತೀರ್ಪು ಕೊಡುವುದು ಸರಿಯಲ್ಲ.

ತುಂಗಾತೀರ
ಹಂಚಿಕೊಳ್ಳದಿದ್ದರೆ ಎಷ್ಟು ಬಗೆಯ ತಿನಿಸುಗಳನ್ನು ರುಚಿ ನೋಡಲು ಸಾಧ್ಯ? ಹೊಟ್ಟೆಗೂ ಮಿತಿಯಿದೆ, ಜೇಬಿಗೂ ಮಿತಿಯಿದೆ.

ನಜರಬಾದ್
ಆ ಹೋಟೆಲು ಹೆಸರಾಗಿರುವುದು ಯಾವ ತಿನಿಸಿಗೋ ಅದನ್ನು ಮಾತ್ರ ಇಬ್ಬರೂ ಬೇರೆ ಬೇರೆ ತರಿಸಿಕೊಳ್ಳಲಿ. ಉಳಿದದ್ದನ್ನು ಹಂಚಿಕೊಳ್ಳಲು ನನ್ನ ಅಭ್ಯಂತರವಿಲ್ಲ.

ದಾವಣಗೆರೆಯವ
ದೋಸೆಯ ಮಾತು ಬಂದ ಮೇಲೆ ಸುಮ್ಮನಿರಲಾರೆ. ಬೆಂಗಳೂರಿನ ವಿಮರ್ಶಕರು ಮಲ್ಲೇಶ್ವರದ ಹೋಟೆಲಾದ ಸಿಟಿಆರ್‌ನ ಬೆಣ್ಣೆ ಮಸಾಲೆಯನ್ನೂ ನಮ್ಮ ಊರಿನ ಬೆಣ್ಣೆ ದೋಸೆಯನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ಎರಡಕ್ಕೂ ಬೆಣ್ಣೆ ಬೀಳುತ್ತದೆ ಎಂಬುದೊಂದೇ ಸಾಮ್ಯ. ನಮ್ಮಲ್ಲಿ ಹಿಟ್ಟಿಗೆ ಮಂಡಕ್ಕಿ ಸೇರುತ್ತದೆ, ಬೆಣ್ಣೆ ಬಿಳಿಯದು, ಜೊತೆಗೆ ಬರುವ ಆಲೂಗಡ್ಡೆ ಪಲ್ಯದಲ್ಲಿ ಅರಿಶಿನದ ಅಬ್ಬರವಿರುವುದಿಲ್ಲ, ಚಟ್ನಿ ತೆಳು ಮತ್ತು ಖಾರ. ಸಿಟಿಆರ್‌ನ ದೋಸೆ ಚಿನ್ನದ ಬಣ್ಣಕ್ಕೆ ಗರಿಗರಿಯಾಗಿ ಬೇಯುತ್ತದೆ, ಪಲ್ಯ ಒಳಗೇ ಇರುತ್ತದೆ. ‘ದಾವಣಗೆರೆಯದರಷ್ಟು ಮೃದುವಾಗಿಲ್ಲ’ ಎಂದು ಒಂದರ ಅಂಕ ಕಡಿಯುವುದು, ‘ಸಿಟಿಆರ್‌ನಷ್ಟು ಗರಿಗರಿ ಇಲ್ಲ’ ಎಂದು ಇನ್ನೊಂದರ ಅಂಕ ಕಡಿಯುವುದು ಎರಡೂ ತಪ್ಪು.

ಬಸವನಗುಡಿ ನಿವಾಸಿ
ಈ ಮಾತನ್ನು ನಾನು ಒಪ್ಪುತ್ತೇನೆ. ಶಂಕರಪುರದ ಬ್ರಾಹ್ಮಣರ ಕಾಫಿ ಬಾರ್ 1965ರಿಂದ ನಡೆಯುತ್ತಿದೆ. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಚಟ್ನಿ, ಕಾಫಿ, ಚಹಾ ಇಷ್ಟೇ ಅಲ್ಲಿನ ಪಟ್ಟಿ. ಅಲ್ಲಿ ಸಾಂಬಾರು ಕೊಡುವುದೇ ಇಲ್ಲ. ಸಾಂಬಾರು ಇಲ್ಲವೆಂಬ ಕಾರಣಕ್ಕೆ ಅಂಕ ಕಡಿಮೆ ಮಾಡಿದ ಬರಹಗಳನ್ನು ಓದಿ ನನಗೆ ಬೇಸರವಾಗಿದೆ. ಅವರು ಕೊಡುತ್ತೇವೆ ಎಂದು ಹೇಳಿರುವುದು ಚಟ್ನಿಯನ್ನು, ಅದನ್ನು ಕೇಳಿದಷ್ಟು ಬಾರಿ ಬಡಿಸುತ್ತಾರೆ. ವಿಮರ್ಶಕರು ಆ ಚಟ್ನಿಯ ಬಗ್ಗೆ ಬರೆಯಬೇಕು.

ಲೆಕ್ಕಿಗ
ಸೇವೆಯ ವಿಷಯದಲ್ಲೂ ಇದೇ ತೊಂದರೆಯನ್ನು ಕಾಣುತ್ತೇನೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾದಾಗಿನಿಂದ ನಿಂತು ತಿನ್ನುವ, ಟೋಕನ್ ಪಡೆದು ತಾವೇ ತಟ್ಟೆ ತಂದುಕೊಳ್ಳುವ ಪದ್ಧತಿ ಊರೆಲ್ಲ ಹರಡಿತು. ಕುರ್ಚಿ ಮತ್ತು ಮಾಣಿಯ ಖರ್ಚನ್ನು ಉಳಿಸಿ ಕಡಿಮೆ ಬೆಲೆಗೆ ಬಿಸಿ ತಿಂಡಿ ಕೊಡುವುದೇ ಅದರ ಲೆಕ್ಕಾಚಾರ. ಅಂತಹ ಕಡೆ ‘ಯಾರೂ ಬಂದು ಕೇಳಲಿಲ್ಲ’ ಎಂದು ಬರೆಯುವುದರಲ್ಲಿ ಅರ್ಥವಿಲ್ಲ. ಅಲ್ಲಿ ನೋಡಬೇಕಾದದ್ದು ಟೇಬಲ್ ಎಷ್ಟು ಬೇಗ ಒರೆಸುತ್ತಾರೆ, ಕೈ ತೊಳೆಯುವ ಜಾಗ ಹೇಗಿದೆ, ಕುಡಿಯುವ ನೀರಿನ ಲೋಟ ಹೇಗಿದೆ ಎಂಬುದನ್ನು.

ಮಲಪ್ರಭಾ
ಹಾಗಾದರೆ ಉಡುಪಿ ಶೈಲಿಯ ಹೋಟೆಲಿನಲ್ಲಿ ಸಾಂಬಾರು ಸಿಹಿಯಾಗಿತ್ತು ಎಂದು ನಾನು ಬರೆಯಲೇಬಾರದೇ? ಈ ವಾದವನ್ನು ಕೊನೆಯವರೆಗೆ ಎಳೆದರೆ ಯಾವ ಹೋಟೆಲಿನ ಬಗ್ಗೆಯೂ ದೂರು ಹೇಳುವಂತಿಲ್ಲ. ‘ಇದು ನಮ್ಮ ಶೈಲಿ’ ಎಂದು ಎಲ್ಲರೂ ಹೇಳಬಹುದು.

ಸೌಪರ್ಣಿಕಾ
ನೀನು ಬರೆಯಬೇಕು, ಅದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ಶೈಲಿ ಬೇರೆ, ಕೆಟ್ಟ ಅಡುಗೆ ಬೇರೆ. ಉಡುಪಿಯ ಸಾಂಬಾರಿನಲ್ಲಿ ಬೆಲ್ಲ ಇರುತ್ತದೆ, ಅದು ಹುಣಿಸೆಯ ಹುಳಿಯನ್ನೂ ಮೆಣಸಿನ ಖಾರವನ್ನೂ ಹಿಡಿದು ನಿಲ್ಲಿಸುವುದಕ್ಕಾಗಿ ಇರುತ್ತದೆ. ಹುಳಿಯೇ ಇಲ್ಲದೆ ಬೆಲ್ಲ ಮಾತ್ರ ಮುಂದೆ ಬಂದರೆ ಅದು ಉಡುಪಿಯವರಿಗೂ ಕೆಟ್ಟ ಸಾಂಬಾರೇ. ಅಂದು ಹುಳಿ ಇತ್ತು. ಬ್ಯಾಡಗಿ ಮೆಣಸಿನಕಾಯಿಯ ಬಣ್ಣವೂ ಇತ್ತು, ಆದರೆ ಬ್ಯಾಡಗಿಯಲ್ಲಿ ಖಾರ ಕಡಿಮೆ, ಅದು ನಿನಗೆ ಸಾಲಲಿಲ್ಲ. ‘ಖಾರ ಬಯಸುವವರಿಗೆ ಇದು ಸಪ್ಪೆ ಎನಿಸುತ್ತದೆ’ ಎಂದು ಬರೆದಿದ್ದರೆ ನಾನೂ ಸಹಿ ಹಾಕುತ್ತಿದ್ದೆ. ಕೇವಲ 2 ಎಂದು ಬರೆದರೆ ಅಡುಗೆಯವನಿಗೆ ಕೆಲಸ ಗೊತ್ತಿಲ್ಲ ಎಂಬ ಅರ್ಥ ಬರುತ್ತದೆ.

ಮಲಪ್ರಭಾ
ಆ ವಾಕ್ಯ ನನಗೆ ಒಪ್ಪಿಗೆ. ಆದರೆ ಅಂಕ 2 ಎಂದೇ ಉಳಿಯುತ್ತದೆ. ಅಂಕ ಅಡುಗೆಯವರಿಗೆ ಕೊಡುವ ಪ್ರಮಾಣಪತ್ರವಲ್ಲ, ನಾನು ಮತ್ತೆ ಅಲ್ಲಿಗೆ ಹೋಗುತ್ತೇನೆಯೇ ಎಂಬುದರ ಸೂಚನೆ.

ಸಿಂಗಪುರ ಕನ್ನಡಿಗ
ನಮ್ಮಲ್ಲೂ ಇದೇ ವಾದ ನಡೆಯುತ್ತಲೇ ಇರುತ್ತದೆ. ಇಲ್ಲಿನ ಸೆರಂಗೂನ್ ರಸ್ತೆಯಲ್ಲಿ 2013ರಲ್ಲಿ ಬೆಂಗಳೂರಿನ ಎಂಟಿಆರ್ ಹೋಟೆಲಿನ ಶಾಖೆ ಆರಂಭವಾದಾಗ ನನ್ನ ತಮಿಳು ಗೆಳೆಯರೊಬ್ಬರನ್ನು ಕರೆದುಕೊಂಡು ಹೋಗಿದ್ದೆ. ನಾನು ಹುಡುಕಿದ್ದು ಲಾಲ್‌ಬಾಗ್ ರಸ್ತೆಯ ರುಚಿಯನ್ನು, ಅವರು ಹುಡುಕಿದ್ದು ತಮ್ಮ ಊರಿನ ಇಡ್ಲಿ ಸಾಂಬಾರನ್ನು. ರವೆ ಇಡ್ಲಿ ಅವರಿಗೆ ಹೊಸದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವವಾದಾಗ ರವೆಯಿಂದ ಇಡ್ಲಿ ಮಾಡಿದವರು ತಾವೇ ಎಂದು ಎಂಟಿಆರ್‌ನವರು ಹೇಳುತ್ತಾರೆ ಎಂದು ನಾನು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ‘ಇದನ್ನು ಇಡ್ಲಿಯೆಂದು ಭಾವಿಸದೆ ತಿಂದರೆ ಬಹಳ ಚೆನ್ನಾಗಿದೆ’ ಎಂದರು. ಹೊರನಾಡಿನ ಓದುಗರಿಗೆ ಇಂತಹ ಎರಡು ಮಾತುಗಳು ಒಟ್ಟಿಗೆ ಸಿಕ್ಕರೆ ಯಾವ ಅಂಕವೂ ಬೇಕಾಗುವುದಿಲ್ಲ.

ರಾಗಿಮುದ್ದೆ
ಇಲ್ಲಿಯವರೆಗೆ ಎಲ್ಲವೂ ಸಸ್ಯಾಹಾರದ ಸುತ್ತಲೇ ನಡೆದಿದೆ. ಇಬ್ಬರಲ್ಲಿ ಒಬ್ಬರು ಮಾಂಸ ತಿನ್ನುವವರಾಗಿದ್ದು ಇನ್ನೊಬ್ಬರು ತಿನ್ನದವರಾಗಿದ್ದರೆ ಮಿಲಿಟರಿ ಹೋಟೆಲಿನ ವಿಮರ್ಶೆ ಬರೆಯುವುದು ಹೇಗೆ? ಮುದ್ದೆ, ಕಾಲು ಸೂಪು, ಕೈಮಾ ಉಂಡೆ, ಚಾಪ್ಸು, ದೊನ್ನೆ ಬಿರಿಯಾನಿ ಎಂಬ ಪರಂಪರೆಯೇ ಬೆಂಗಳೂರು, ಮಂಡ್ಯ, ಮೈಸೂರಿನ ಕಡೆ ಇದೆ. ಅದರ ಬಗ್ಗೆ ಕನ್ನಡದಲ್ಲಿ ಶ್ರದ್ಧೆಯಿಂದ ಬರೆದದ್ದು ದೋಸೆಯ ಬಗ್ಗೆ ಬರೆದದ್ದಕ್ಕಿಂತ ಬಹಳ ಕಡಿಮೆ ಎಂಬುದು ನನ್ನ ಕೊರಗು.

ನನ್ನ ಗೆಳೆಯ ಮಾಂಸ ತಿನ್ನುವುದಿಲ್ಲ. ಆದರೂ ನನ್ನ ಜೊತೆ ಬರುತ್ತಾನೆ, ಮುದ್ದೆ ಮತ್ತು ಮೊಸರಿನಲ್ಲಿ ಊಟ ಮುಗಿಸುತ್ತಾನೆ. ಮುದ್ದೆಯ ಬಗ್ಗೆ ಅವನ ಮಾತು ನನ್ನದಕ್ಕಿಂತ ನಿಖರವಾಗಿರುತ್ತದೆ, ಏಕೆಂದರೆ ನನ್ನ ಗಮನವೆಲ್ಲ ಸಾರಿನ ಮೇಲಿರುತ್ತದೆ. ಗಂಟಿಲ್ಲದೆ ತೊಳಸಿದ್ದಾರೆಯೇ, ಹಿಟ್ಟು ಪೂರ್ತಿ ಬೆಂದಿದೆಯೇ, ಬೆರಳಿಗೆ ಅಂಟದೆ ಜಾರಿ ಬರುತ್ತದೆಯೇ ಎಂದು ಅವನು ನೋಡುತ್ತಾನೆ. ಅವನು ತಿನ್ನದ ಪದಾರ್ಥಕ್ಕೆ ಅವನು ಅಂಕ ಕೊಡುವುದಿಲ್ಲ. ತಿನ್ನದೆ ಅಂಕ ಕೊಡುವವರನ್ನು ಸಾಕಷ್ಟು ನೋಡಿದ್ದೇನೆ, ಅದು ನನಗೆ ಸಹಿಸಲಾಗದ ವಿಷಯ.

ಸೌಪರ್ಣಿಕಾ
ರಾಗಿಮುದ್ದೆ ಅವರೇ, ಇದು ಬಹಳ ಒಳ್ಳೆಯ ನಿಯಮ. ನಾನು ಮೀನು ತಿನ್ನುತ್ತೇನೆ, ಇವಳು ತಿನ್ನುವುದಿಲ್ಲ. ಬಂಗುಡೆ ಪುಳಿಮುಂಚಿಯ ಬಗ್ಗೆ ನಾನು ಬರೆದ ಭಾಗಕ್ಕೂ ಸಂಪಾದಕರು ಇಬ್ಬರ ಸಹಿ ಕೇಳಿದ್ದರು, ನಾವು ಕೊಡಲಿಲ್ಲ.

ಲೆಕ್ಕಿಗ
ಬಿಲ್ಲಿನ ಬಗ್ಗೆಯೂ ಬರೆಯಿರಿ ಎಂದು ವಿನಂತಿಸುತ್ತೇನೆ. ರುಚಿಯಲ್ಲಿ ಭಿನ್ನಾಭಿಪ್ರಾಯವಿರಬಹುದು, ಬಿಲ್ಲಿನಲ್ಲಿ ಇರಲಾರದು. 2017ರ ನವೆಂಬರಿನಿಂದ ಸಾಮಾನ್ಯ ಹೋಟೆಲುಗಳಲ್ಲಿ ಊಟದ ಮೇಲಿನ ಜಿಎಸ್‌ಟಿ ಶೇಕಡಾ 5. ವಹಿವಾಟಿನ ಮೇಲೆ ಸರಳವಾಗಿ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿ ನೋಂದಾಯಿಸಿಕೊಂಡ ಸಣ್ಣ ಹೋಟೆಲುಗಳು ಗ್ರಾಹಕರಿಂದ ಪ್ರತ್ಯೇಕವಾಗಿ ತೆರಿಗೆ ವಸೂಲು ಮಾಡುವಂತಿಲ್ಲ. ಸೇವಾ ಶುಲ್ಕವನ್ನು ಬಿಲ್ಲಿನಲ್ಲಿ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. 2022ರ ಜನವರಿಯಿಂದ ಬಿಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆಯೂ ಇರಬೇಕು. ಇಬ್ಬರು ಹೋದಾಗ ಒಬ್ಬರು ಊಟದ ಕಡೆ ಗಮನ ಕೊಟ್ಟರೆ ಇನ್ನೊಬ್ಬರು ಇವನ್ನೆಲ್ಲ ನೋಡಬಹುದು.

ದಾವಣಗೆರೆಯವ
ಗೋಬಿ ಮಂಚೂರಿಯ ಬಣ್ಣವನ್ನೂ ನೋಡಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಯಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿದೆ. ರಸ್ತೆಬದಿಯ ಕೆಲವು ಗಾಡಿಗಳಲ್ಲಿ ಇಂದಿಗೂ ಆ ಕೆಂಪು ಕಾಣುತ್ತದೆ.

ತುಂಗಾತೀರ
ಬಿಲ್ಲನ್ನು ಯಾರು ಕೊಡುತ್ತಾರೆ ಎಂಬುದೂ ಮುಖ್ಯ. ಪತ್ರಿಕೆಯಲ್ಲಿ ಬರೆಯುವವರು ಎಂದು ತಿಳಿದರೆ ಮಾಲೀಕರು ಹಣ ಬೇಡ ಎನ್ನುತ್ತಾರೆ, ಒಂದು ಸಿಹಿಯನ್ನೂ ತಂದಿಡುತ್ತಾರೆ. ಜಾಲತಾಣಗಳಲ್ಲಿ ಪ್ರಭಾವಿಗಳೆನಿಸಿದವರು ಹಣ ಅಥವಾ ಉಚಿತ ಊಟ ಪಡೆದು ಹೊಗಳಿದರೆ ಅದನ್ನು ಬಹಿರಂಗಪಡಿಸಬೇಕೆಂದು ಭಾರತೀಯ ಜಾಹೀರಾತು ಮಾನಕ ಮಂಡಳಿ 2021ರಲ್ಲೇ ಹೇಳಿದೆ. ಗ್ರಾಹಕರ ಆನ್‌ಲೈನ್ ವಿಮರ್ಶೆಗಳಿಗಾಗಿ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನಕವನ್ನೂ ತಂದಿದೆ. ಬಡಾವಣೆಯ ಪತ್ರಿಕೆಗೆ ಇವು ನೇರವಾಗಿ ಅನ್ವಯಿಸದಿದ್ದರೂ ಶಿಸ್ತು ಒಂದೇ ಆಗಿರಲಿ. ನೀವಿಬ್ಬರೂ ಹಣ ಕೊಡುತ್ತೀರಿ ತಾನೇ?

ಮಲಪ್ರಭಾ
ಪ್ರತಿ ಬಾರಿಯೂ ನಾವೇ ಕೊಡುತ್ತೇವೆ, ಅರ್ಧರ್ಧ. ಊಟ ಮುಗಿದು ಹಣ ಕೊಟ್ಟ ಮೇಲೂ ನಾವು ಬರೆಯುವವರೆಂದು ಹೇಳಿಕೊಳ್ಳುವುದಿಲ್ಲ.

ಬಸವನಗುಡಿ ನಿವಾಸಿ
ಬೆಲೆಯ ಬಗ್ಗೆ ಬರೆಯುವಾಗ ಒಂದು ಹಳೆಯ ಪ್ರಸಂಗವನ್ನು ನೆನಪಿನಲ್ಲಿಡಿ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲ್ ತಿಂಡಿಗಳ ಬೆಲೆಯನ್ನು ಬಹಳ ಕೆಳಗೆ ನಿಗದಿಪಡಿಸಿದಾಗ, ಆ ಬೆಲೆಗೆ ಗುಣಮಟ್ಟ ಉಳಿಸಿಕೊಳ್ಳಲಾಗದೆ ಎಂಟಿಆರ್ ಹೋಟೆಲನ್ನೇ ಮುಚ್ಚಿತು. ಅಲ್ಲಿನ ಕೆಲಸಗಾರರಿಗೆ ಉದ್ಯೋಗ ಉಳಿಸಲು ಸಿದ್ಧ ಮಿಶ್ರಣಗಳ ತಯಾರಿಕೆಯ ಕಡೆ ತಿರುಗಿತು. 1924ರಲ್ಲಿ ಆರಂಭವಾದ ಸಂಸ್ಥೆ ತುಪ್ಪ ಕಡಿಮೆ ಮಾಡುವುದಕ್ಕಿಂತ ಬಾಗಿಲು ಹಾಕುವುದೇ ಮೇಲೆಂದು ಭಾವಿಸಿತು. ದೋಸೆಯ ಬೆಲೆ ಏರಿತು ಎಂದು ಬರೆಯುವವರು ಬೆಣ್ಣೆ, ಉದ್ದಿನಬೇಳೆ, ಕಾಫಿಬೀಜದ ಬೆಲೆ ಎಲ್ಲಿಗೆ ಹೋಗಿದೆ ಎಂಬುದನ್ನೂ ವಿಚಾರಿಸಬೇಕು.

ಕಾವಲಿ
ಬಸವನಗುಡಿಯವರು ಅಡುಗೆಮನೆಯ ಪರವಾಗಿ ಮಾತಾಡಿದ್ದು ಸಂತೋಷ. ಕಾಫಿಯ ವಿಷಯದಲ್ಲಿ ಒಂದು ಮಾತು ಸೇರಿಸುತ್ತೇನೆ. ಬೆಲೆ ಏರಿದಾಗ ಕೆಲವು ಕಡೆ ಕಾಫಿಪುಡಿಗೆ ಬೆರೆಸುವ ಚಿಕೋರಿ ಬೇರಿನ ಪುಡಿಯ ಪಾಲು ಏರುತ್ತದೆ. ಕಾಫಿಪುಡಿಯಲ್ಲಿ ಚಿಕೋರಿ ಶೇಕಡಾ 49ರವರೆಗೆ ಇರಬಹುದೆಂದು ಕಾನೂನೇ ಹೇಳುತ್ತದೆ, ಆದ್ದರಿಂದ ಅದು ಕಲಬೆರಕೆಯಲ್ಲ. ಆದರೆ ಕುಡಿದ ಮೇಲೆ ನಾಲಿಗೆಯಲ್ಲಿ ಕಹಿ ಉಳಿದು ಪರಿಮಳ ಉಳಿಯದಿದ್ದರೆ, ಡಿಕಾಕ್ಷನ್ ಕಪ್ಪಾಗಿಯೂ ಮಂದವಾಗಿಯೂ ಇದ್ದರೆ ಚಿಕೋರಿ ಹೆಚ್ಚಿದೆ ಎಂದು ತಿಳಿಯಬಹುದು. ಅದನ್ನು ಧೈರ್ಯವಾಗಿ ಬರೆಯಿರಿ.

ನಜರಬಾದ್
ನಾವೆಲ್ಲ ಕಾಫಿಗೆ ಇಳಿದೆವು, ಮಲಪ್ರಭಾ ಅವರ ಪ್ರಶ್ನೆ ಅಲ್ಲಿಯೇ ಇದೆ. ನಾನು ಹೀಗೆ ಸೂಚಿಸುತ್ತೇನೆ. ಹೋದ ದಿನ, ಹೊತ್ತು, ಕಾದ ಸಮಯ, ತರಿಸಿದ ತಿನಿಸು, ಬಿಲ್ಲು, ಸ್ವಚ್ಛತೆ ಇವುಗಳಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಇರಲಾರದ್ದರಿಂದ ಅವನ್ನು ಇಬ್ಬರೂ ಸೇರಿ ಬರೆಯಿರಿ. ರುಚಿಯ ಭಾಗವನ್ನು ಬೇರೆ ಬೇರೆಯಾಗಿ, ನಿಮ್ಮ ನಿಮ್ಮ ಊರಿನ ಹೆಸರಿನೊಂದಿಗೆ ಬರೆಯಿರಿ. ಅಂಕ ಬೇಕೇ ಬೇಕೆಂದರೆ ಎರಡನ್ನೂ ಅಕ್ಕಪಕ್ಕದಲ್ಲಿ ಹಾಕಿ: ಧಾರವಾಡ 2, ಕುಂದಾಪುರ 4. ಓದುಗರು ತಮ್ಮ ನಾಲಿಗೆ ಯಾವ ಕಡೆಯದೆಂದು ತಾವೇ ಆರಿಸಿಕೊಳ್ಳುತ್ತಾರೆ.

ಬಸವನಗುಡಿ ನಿವಾಸಿ
ಎರಡು ಅಂಕಗಳನ್ನು ಅಕ್ಕಪಕ್ಕದಲ್ಲಿ ಹಾಕುವುದಾದರೆ ನನ್ನ ವಿರೋಧವಿಲ್ಲ. ಎರಡೂ 4 ಇದ್ದ ಹೋಟೆಲಿಗೆ ಯೋಚಿಸದೆ ಹೊರಡಬಹುದು, ಎರಡೂ 1 ಇದ್ದರೆ ಮನೆಯಲ್ಲೇ ಉಪ್ಪಿಟ್ಟು ಮಾಡಿಕೊಳ್ಳಬಹುದು. ಸರಾಸರಿಯಲ್ಲಿ ಈ ಅನುಕೂಲವಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಊರಿನ ಹೆಸರು ಬೇಡ. ಧಾರವಾಡದವರೆಲ್ಲರಿಗೂ ಖಾರವೇ ಬೇಕು ಎಂದೇನೂ ಇಲ್ಲವಲ್ಲ.

ಮಲಪ್ರಭಾ
ಧಾರವಾಡದವರಿಗೆ ಪೇಡೆಯೂ ಬೇಕು, ಅದು ನಿಜ. ಊರಿನ ಬದಲು ನಮ್ಮ ಹೆಸರುಗಳನ್ನೇ ಹಾಕುತ್ತೇವೆ. ನಾಲ್ಕಾರು ಸಂಚಿಕೆ ಓದಿದವರಿಗೆ ಯಾರ ನಾಲಿಗೆ ಎತ್ತ ಎಂಬುದು ತಾನಾಗಿ ತಿಳಿದಿರುತ್ತದೆ. ಸಂಪಾದಕರಿಗೆ ಇಂದು ಸಂಜೆಯೇ ಈ ಮಾದರಿಯಲ್ಲಿ ಒಂದು ಪುಟ ಬರೆದು ಕಳುಹಿಸುತ್ತೇನೆ.

ಸೌಪರ್ಣಿಕಾ
ಕಳುಹಿಸುವ ಮೊದಲು ನನಗೆ ತೋರಿಸು. ಅಂಕವೇ ಬೇಡ, ವಾಕ್ಯಗಳೇ ಸಾಕು ಎಂಬ ನನ್ನ ಅಭಿಪ್ರಾಯವನ್ನು ನಾನು ಇನ್ನೂ ಬಿಟ್ಟಿಲ್ಲ.

ರಾಗಿಮುದ್ದೆ
ಮುಂದಿನ ಸಂಚಿಕೆಯಲ್ಲಿ ಒಂದು ಮಿಲಿಟರಿ ಹೋಟೆಲ್ ಸೇರಿಸಿ. ಮುದ್ದೆಯ ಬಗ್ಗೆ ಮಲಪ್ರಭಾ ಅವರು ಬರೆಯಲಿ.

ಕಾವಲಿ
ಹಾಗೆ ಹೋಗುವುದಾದರೆ ಮಧ್ಯಾಹ್ನ ಒಂದು ಗಂಟೆಯ ಒಳಗೆ ಹೋಗಿ. ಆಮೇಲೆ ಕಾಲು ಸೂಪು ಮುಗಿದಿರುತ್ತದೆ, ಮುದ್ದೆಯೂ ಆರಿರುತ್ತದೆ. ಹೋದ ಹೊತ್ತನ್ನು ವಿಮರ್ಶೆಯ ಮೊದಲ ಸಾಲಿನಲ್ಲೇ ಬರೆಯಿರಿ.